ಎರಡು ಕೆಮ್ಮಿಗೆ ಒಂದು ಟೀ

ಅಪ್ಪನ ಮರಗೆಲಸದ ಶೆಡ್ಡಿನ ಹಿಂಬದಿಯಲ್ಲಿ ಪಿಸು ಕುಕ್ಕರಗಾಲಲ್ಲಿ ಕೂತು ಮರದ ಪುಡಿಯನ್ನು ಜರಡಿ ಹಿಡಿಯುತ್ತಿದ್ದಳು. ಜರಡಿಯ ಮೇಲೆ ಉಳಿದ ಚಕ್ಕೆ, ಸುರುಳಿಗಳನ್ನು ಗೋಣಿಚೀಲಕ್ಕೆ ಸುರಿಯುವುದು, ಕೆಳಗೆ ಬಿದ್ದ ನುಣ್ಣನೆಯ ಪುಡಿಯನ್ನು ಬೇರೆ ಬಕೆಟ್ಟಿಗೆ ತುಂಬುವುದು. ಪುಡಿಯಲ್ಲೂ ದರ್ಜೆಗಳಿದ್ದವು. ಗರಗಸದಿಂದ ಉದುರಿದ್ದು ರವೆಯ ಹಾಗೆ; ಮಿಷಿನ್ನಿನಲ್ಲಿ ಹಲಗೆ ಉಜ್ಜಿದಾಗ ಉದುರಿದ್ದು ಹಿಟ್ಟಿನ ಹಾಗೆ. ಹಿಟ್ಟಿನಂಥದ್ದು ಸಿಕ್ಕರೆ ಅವಳ ಮುಖ ಅರಳುತ್ತಿತ್ತು. ಅಂಗೈಯಲ್ಲಿ ತೆಗೆದುಕೊಂಡು ಒಮ್ಮೆ ಕೆನ್ನೆಗೆ ಒತ್ತಿ ನೋಡಿ ಬಕೆಟ್ಟಿಗೆ ಬಿಡುವಳು. ಮಾತಿಲ್ಲ, ಗುನುಗಿಲ್ಲ. ಮಾತಾಡಿಸಲು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ಆಡುತ್ತಿರಲಿಲ್ಲ.

ಪಿಸು ಅನ್ನುವ ಹೆಸರು ಬಂದದ್ದು ಶಾಲೆಯಿಂದ. ಪಾಠ ಒಪ್ಪಿಸಲು ಎದ್ದು ನಿಂತರೆ ಪದಗಳೆಲ್ಲ ಗಂಟಲಲ್ಲೇ ಜಗಳಕ್ಕೆ ಬಿದ್ದು, ಹೊರಗೆ ಬರುವಷ್ಟರಲ್ಲಿ ಒಂದೂ ಪೂರ್ತಿ ಇರುತ್ತಿರಲಿಲ್ಲ. "ಏನದು ಪಿಸುಪಿಸು? ಗೋಡೆಗೆ ಗುಟ್ಟು ಹೇಳ್ತಿದ್ದೀಯಾ?" ಎಂದು ಹೆಡ್‌ಮೇಡಂ ಕೇಳಿದ್ದರು. ಇಡೀ ತರಗತಿ ನಕ್ಕಿತು. ಏಳನೇ ತರಗತಿಗೆ ಅವಳು ಶಾಲೆ ಬಿಟ್ಟಳು, ಹೆಸರು ಅವಳನ್ನು ಬಿಡಲಿಲ್ಲ. ಬ್ಯಾಗು, ಪುಸ್ತಕಗಳ ಜೊತೆಗೆ ಅದೂ ಮನೆಗೆ ಬಂತು.

ಸೇಡು ತೀರಿಸಿಕೊಳ್ಳಲೆಂದಲ್ಲ, ನಡಿಗೆ ಥೇಟ್ ಹಾಗೇ ಇತ್ತೆಂದು ಅವಳು ತನ್ನ ಕೆಂಪು ಕೋಳಿಗೆ ಹೆಡ್‌ಮೇಡಂ ಎಂದು ಹೆಸರಿಟ್ಟಿದ್ದಳು. ಹಿತ್ತಲಿನ ಐದು ಕೋಳಿಗಳಲ್ಲಿ ಅದು ಎಲ್ಲಕ್ಕಿಂತ ದಪ್ಪ. ಕೈ ಹಿಂದೆ ಕಟ್ಟಿದ ಹಾಗೆ ರೆಕ್ಕೆ ಬಿಗಿದುಕೊಂಡು, ಕತ್ತು ಎತ್ತಿ, ಉಳಿದ ನಾಲ್ಕರ ತಪ್ಪು ಹುಡುಕುತ್ತ ಓಡಾಡುತ್ತಿತ್ತು. ಪಿಸುವಿನ ಹತ್ತಿರ ಮಾತ್ರ ಬಂದು ಅವಳ ಮಡಿಲಿಗೆ ತಾನೇ ಹತ್ತಿ ಕೂರುತ್ತಿತ್ತು. ಹೋದ ವರ್ಷ ಕಾಲಿಗೆ ಪೆಟ್ಟಾದ ಮೇಲೆ ಅದಕ್ಕೆ ಗೂಡಿನ ಅಡ್ಡಕೋಲು ಹತ್ತಲು ಆಗುತ್ತಿರಲಿಲ್ಲ. ಉಳಿದವು ಮೇಲೆ ಮಲಗಿದರೆ, ಇದಕ್ಕೆ ಕೆಳಗಿನ ಮೂಲೆಯಲ್ಲಿ ಬೇರೆ ಪೆಟ್ಟಿಗೆ. ಆ ಪೆಟ್ಟಿಗೆಯ ಹಾಸಿಗೆಗೇ ಈ ಜರಡಿ ಹಿಡಿದ ಹಿಟ್ಟು.

ಬಕೆಟ್ಟು ತುಂಬಿಕೊಂಡು ಹೋಗಿ ಗೂಡಿನ ಬಾಗಿಲು ತೆಗೆದಳು. ನಾಲ್ಕು ಕೋಳಿಗಳು ಅವಳ ಪಾದದ ಮೇಲೇ ಧುಮುಕಿ ಹೊರಗೋಡಿದವು. ಹೆಡ್‌ಮೇಡಂ ಬರಲಿಲ್ಲ.

ಪೆಟ್ಟಿಗೆಯಲ್ಲಿ ಕತ್ತು ಮುಂದೆ ಚಾಚಿ, ಕೊಕ್ಕು ತೆರೆದು ಕೂತಿತ್ತು. ಉಸಿರು ಎಳೆದಾಗಲೊಮ್ಮೆ ಬಾಲ ಮೇಲೆ, ಬಿಟ್ಟಾಗಲೊಮ್ಮೆ ಕೆಳಗೆ, ಕೈಪಂಪಿನ ಹಿಡಿಯ ಹಾಗೆ. ಜೊತೆಗೆ ಗಂಟಲಿನಿಂದ ಎಣ್ಣೆ ಕಾಣದ ಬಾಗಿಲಿನಂಥ ಸದ್ದು.

ಪಿಸು ಬಕೆಟ್ಟು ಕೆಳಗಿಟ್ಟಳು.

ಬಟ್ಟೆ ಒಣಹಾಕಲು ಬಂದ ಅತ್ತಿಗೆ ಬಗ್ಗಿ ನೋಡಿ, ಎರಡು ಸೆಕೆಂಡಿನಲ್ಲಿ ತೀರ್ಪು ಕೊಟ್ಟಳು. "ಶೀತ."

ಆ ಮನೆಯಲ್ಲಿ ತಲೆನೋವಿನಿಂದ ಹಿಮ್ಮಡಿ ನೋವಿನವರೆಗೆ ಎಲ್ಲವೂ ಶೀತವೇ. ಶೀತಕ್ಕೆ ಮದ್ದು ಬಿಸುಪು. ಚಳಿಗಾಲ ಶುರುವಾದಾಗಲೇ ಪಿಸು ಗೂಡಿನ ಸಂದುಗಳಿಗೆ ಗೋಣಿಚೀಲ ಹೊಡೆದಿದ್ದಳು. ಉಳಿದಿದ್ದ ಒಂದು ಸಂದನ್ನೂ ಈಗ ಮುಚ್ಚಿದಳು. ಪೆಟ್ಟಿಗೆಗೆ ಇನ್ನರ್ಧ ಬಕೆಟ್ಟು ನುಣ್ಣನೆಯ ಪುಡಿ ಸುರಿದು, ಗುಳಿ ಮಾಡಿ, ಹೆಡ್‌ಮೇಡಂಳನ್ನು ಅದರಲ್ಲಿ ಹುದುಗಿಸಿದಳು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಸದ್ದು ಗೂಡಿನ ಹೊರಗೇ ಕೇಳಿಸುತ್ತಿತ್ತು.

"ನೋಡು," ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಹೇಳಿದಳು, "ಭಾನುವಾರ ನಿಮ್ಮಣ್ಣ ಬರ್ತಾರೆ. ಅಷ್ಟರಲ್ಲಿ ಸರಿಹೋಯ್ತೋ ಸರಿ. ಇಲ್ಲಾಂದ್ರೆ ಪಾತ್ರೆಗೆ. ಸತ್ತ ಮೇಲೆ ಗುಂಡಿ ತೋಡೋದಕ್ಕಿಂತ ಉಸಿರಿರುವಾಗಲೇ ಒಂದು ಊಟ ಆಗ್ಲಿ. ನನ್ನ ಮೇಲೆ ಮುಖ ಊದಿಸ್ಬೇಡ, ನಾನು ಕೆಟ್ಟವಳಲ್ಲ, ಇದ್ದದ್ದು ಹೇಳ್ದೆ."

ಅತ್ತಿಗೆ ಕೆಟ್ಟವಳಲ್ಲ, ನಿಜ. ಬಾಯಿ ದೊಡ್ಡದು, ಅಷ್ಟೆ. ಲಾರಿ ಓಡಿಸುವ ಗಂಡ ವಾರಕ್ಕೊಂದು ದಿನ ಮನೆಗೆ ಬರುತ್ತಿದ್ದ. ಉಳಿದ ಆರು ದಿನ ಮಾತೇ ಆಡದ ಮಾವ, ಪಿಸುಗುಟ್ಟುವ ನಾದಿನಿ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸಬೇಕಾಗಿತ್ತು.

ಅಷ್ಟರಲ್ಲಿ ಶೆಡ್ಡಿನಿಂದ ಕೆಮ್ಮು ಕೇಳಿಸಿತು. ಎರಡು ಸಲ.

"ಬಂತು ನೋಡು! ಬೆಳಿಗ್ಗೆಯಿಂದ ಇದು ಮೂರನೇದು. ನಿಮ್ಮಪ್ಪಂದು ಹೊಟ್ಟೆಯಾ, ಟೀ ಡ್ರಮ್ಮಾ?" ಎನ್ನುತ್ತ ಅತ್ತಿಗೆ ಒಳಗೆ ಹೋದಳು.

ಅಪ್ಪ ಬಡಗಿ. ಬಾಗಿಲು, ಕಿಟಕಿ, ಮಂಚ, ಯಾರು ಏನು ಕೇಳಿದರೂ ತಲೆಯಾಡಿಸಿ ಮಾಡಿಕೊಡುವವರು. ಕೈಯಲ್ಲಿ ಕೆಲಸ, ಕಿವಿಯಲ್ಲಿ ಮಿಷಿನ್ನಿನ ಸದ್ದು ಇರುವಾಗ ಕೂಗಿ ಕರೆಯುವುದು ಅವರಿಂದಾಗದ ಮಾತು. ಕೂಗುವುದಂತೂ ಹುಟ್ಟಿನಿಂದಲೇ ಬಂದಿರಲಿಲ್ಲ. ಅಮ್ಮ ಇದ್ದಾಗ ಇಬ್ಬರ ನಡುವೆ ಒಂದು ಏರ್ಪಾಟು ಆಗಿತ್ತು. ಮಿಷಿನ್ನು ನಿಲ್ಲಿಸಿ ಒಂದು ಸಲ ಕೆಮ್ಮಿದರೆ ನೀರು. ಎರಡು ಸಲ ಕೆಮ್ಮಿದರೆ ಟೀ. ಮೂರು ಸಲವಾದರೆ ಬಂದು ಹಲಗೆಯ ಇನ್ನೊಂದು ತುದಿ ಹಿಡಿಯಬೇಕು. ಅಮ್ಮ ಹೋದ ಮೇಲೆ ಪಿಸು ಅದನ್ನು ಮುಂದುವರಿಸಿದಳು. ಮದುವೆಯಾಗಿ ಬಂದ ಮೊದಲ ವಾರವೇ ಅತ್ತಿಗೆ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಳು. "ನಮ್ಮ ಮಾವ ಮಾತಾಡಲ್ಲ ಅಂತ ಯಾರು ಹೇಳಿದ್ದು? ಕೆಮ್ಮಿನಲ್ಲೇ ಸಂಸಾರ ನಡೆಸ್ತಾರೆ" ಎಂದು ಅಕ್ಕಪಕ್ಕದವರ ಮುಂದೆ ಹೇಳಿ ನಗಿಸುತ್ತಿದ್ದಳು.

ಪಿಸು ಶೆಡ್ಡಿನ ಬಾಗಿಲಲ್ಲಿ ಹೋಗಿ ನಿಂತಳು. ತೋಳಿನಲ್ಲಿ ಹೆಡ್‌ಮೇಡಂ ಇತ್ತು.

"ಅಪ್ಪಾ, ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು."

ಅಪ್ಪ ಕೋಳಿಯನ್ನು ನೋಡಿದರು, ಮಗಳನ್ನು ನೋಡಿದರು. ಮೂಲೆಯಿಂದ ಹಳೆಯ ಮೇಜಿನ ಡ್ರಾಯರ್ ಒಂದನ್ನು ಎಳೆದುಕೊಂಡು, ಸುತ್ತ ತೂತು ಕೊರೆದು, ಮೇಲೆ ಪಟ್ಟಿ ಹೊಡೆದು, ಹಗ್ಗದ ಹಿಡಿ ಕಟ್ಟಿದರು. ತೂತಿನ ಅಂಚು ಕೋಳಿಯ ಕಣ್ಣಿಗೆ ತಗುಲದಂತೆ ಒಂದೊಂದನ್ನೂ ಮರಳು ಕಾಗದದಿಂದ ತಿಕ್ಕಿ ನುಣುಪು ಮಾಡಿದರು. ಅರ್ಧ ಗಂಟೆಯ ಕೆಲಸ. ಕೊನೆಗೆ ಪೆಟ್ಟಿಗೆ ಅವಳ ಕೈಗೆ ಕೊಟ್ಟು ಹೋಗು ಎಂಬಂತೆ ಗದ್ದ ಆಡಿಸಿದರು.

ದನದ ಆಸ್ಪತ್ರೆಯ ಬೆಂಚಿನ ಮೇಲೆ ಆಡು ಹಿಡಿದುಕೊಂಡ ಒಬ್ಬ ಮುದುಕ ಕೂತಿದ್ದ. ಪೆಟ್ಟಿಗೆಯ ತೂತಿಗೆ ಕಣ್ಣಿಟ್ಟು ನೋಡಿ, "ಕೋಳಿಗೂ ಆಸ್ಪತ್ರೇನಾ ಮಗಾ? ನಮ್ಮನೇಲಿ ಕೋಳಿ ಕೆಮ್ಮಿದ್ರೆ ಮೆಣಸು ಅರೆಯೋಕೆ ಶುರು ಮಾಡ್ತಾರೆ" ಎಂದು ತನ್ನ ಮಾತಿಗೆ ತಾನೇ ನಕ್ಕ. ಪಿಸು ಪೆಟ್ಟಿಗೆಯನ್ನು ಇನ್ನೊಂದು ಬದಿಗೆ ತಿರುಗಿಸಿ ಇಟ್ಟುಕೊಂಡಳು.

ಡಾಕ್ಟರು ಐವತ್ತು ದಾಟಿದ ಹೆಂಗಸು. ಕನ್ನಡಕ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು, ಕೋಟಿನ ತೋಳು ಮೊಣಕೈವರೆಗೆ ಮಡಚಿತ್ತು. ಏನಾಗಿದೆ ಎಂದು ಕೇಳಿದರು. ಪಿಸುವಿನ ತುಟಿ ಅಲುಗಿತು.

"ಸ್ವಲ್ಪ ಜೋರಾಗಿ ಹೇಳಮ್ಮ. ನನ್ನ ರೋಗಿಗಳು ಯಾರೂ ಬಾಯಿಬಿಟ್ಟು ಹೇಳಲ್ಲ. ಕರ್ಕೊಂಡು ಬಂದೋರೂ ಹೇಳ್ದೆ ಇದ್ರೆ ನಾನೇನು ಶಾಸ್ತ್ರ ಕೇಳೋಕೆ ಹೋಗ್ಲಾ?"

ಬೈದಂತಿರಲಿಲ್ಲ. ಪಿಸು, "ಉಸಿರು" ಎಂದಳು. ಆಮೇಲೆ, "ಬಾಲ ಅಲ್ಲಾಡುತ್ತೆ. ಬೆಳಿಗ್ಗೆ ಜಾಸ್ತಿ. ಹೊರಗೆ ಬಂದು ಒಂದು ಗಂಟೆ ಆದ್ಮೇಲೆ ಕಮ್ಮಿ" ಎಂದಳು. ಅಪರಿಚಿತರ ಮುಂದೆ ಒಂದೇ ಉಸಿರಿಗೆ ಅವಳು ಅಷ್ಟು ಮಾತಾಡಿ ವರ್ಷಗಳೇ ಆಗಿದ್ದವು.

ಡಾಕ್ಟರು ತಕ್ಷಣ ಕೋಳಿಯನ್ನು ಮುಟ್ಟಲಿಲ್ಲ. ಪೆಟ್ಟಿಗೆಯ ಪಟ್ಟಿ ಸರಿಸಿ ಗಡಿಯಾರ ನೋಡುತ್ತ ಸುಮ್ಮನೆ ನಿಂತರು. "ಹಿಡಿದ್ರೆ ಗಾಬರಿ ಬಿದ್ದು ಉಸಿರು ಹೆಚ್ಚಾಗುತ್ತೆ. ಅದಕ್ಕೆ ಮೊದಲೇ ಎಣಿಸ್ಬೇಕು." ನಿಮಿಷ ಕಳೆಯಿತು. "ಐವತ್ತೆರಡು. ಸುಮ್ಮನೆ ಕೂತ ಕೋಳಿಗೆ ಇಪ್ಪತ್ತರಿಂದ ಮೂವತ್ತೈದು ಇದ್ರೆ ಸಾಕು."

ಆಮೇಲೆ ಒಂದೊಂದೇ ಜಾಗ ನೋಡತೊಡಗಿದರು. ಮೂಗಿನ ತೂತುಗಳನ್ನು ಹತ್ತಿಯಿಂದ ಒತ್ತಿದರು. ಸ್ವಲ್ಪ ತೇವ, ಗೊಣ್ಣೆಯಿಲ್ಲ. ಕಣ್ಣಲ್ಲಿ ನೊರೆಯಿಲ್ಲ, ಮುಖ ಊದಿಲ್ಲ. ಕೊಕ್ಕು ಬಿಡಿಸಿ ಟಾರ್ಚ್ ಹಾಕಿ ನೋಡಿದರು. ಕಾಳು ಸಿಕ್ಕಿಕೊಂಡಿಲ್ಲ, ಹುಳು ಕಾಣುತ್ತಿಲ್ಲ, ಬಿಳಿ ಪೊರೆ ಕಟ್ಟಿಲ್ಲ. ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲ ಮೆತ್ತಗಿದೆ. ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿಲ್ಲ. ಜುಟ್ಟು ಸ್ವಲ್ಪ ಕಪ್ಪಿಟ್ಟಿದೆ. ಕೊನೆಗೆ ಬೆನ್ನಿನ ಮೇಲೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಪಿಸು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದುದನ್ನು ಕಂಡು, "ಬಾ, ನೀನೂ ಕೇಳು. ಬೆನ್ನಿಗೆ ಕಿವಿ ಇಡು" ಎಂದರು.

ಬೆಚ್ಚಗಿನ ಪುಕ್ಕದೊಳಗೆ ಪಿಸು ಕಿವಿ ಹುದುಗಿಸಿದಳು. ಒಳಗೆ ಯಾರೋ ಕಾಗದ ಮುದುಡುತ್ತಿದ್ದ ಹಾಗಿತ್ತು. ಪ್ರತಿ ಮುದುಡಿನ ಕೊನೆಗೆ ತೆಳ್ಳಗಿನ ಒಂದು ಸಿಳ್ಳೆ.

"ಸಿಳ್ಳೆ ಕೇಳಿಸ್ತಾ? ಯಾವಾಗ ಬರುತ್ತೆ? ಎಳ್ಕೊಳ್ಳುವಾಗಲಾ, ಬಿಡುವಾಗಲಾ?"

"ಬಿಡುವಾಗ. ತುದಿಗೆ."

"ಭೇಷ್. ಉಳಿದ ಕೋಳಿಗಳು?"

"ಚೆನ್ನಾಗಿವೆ. ಅವು ಮೇಲೆ ಮಲಗ್ತಾವೆ. ಇವಳು ಕೆಳಗೆ, ಪೆಟ್ಟಿಗೇಲಿ."

"ಪೆಟ್ಟಿಗೇಲಿ ಏನು ಹಾಸ್ತೀಯ?"

ಪಿಸುವಿಗೆ ಇದು ಗೊತ್ತಿದ್ದ ಪ್ರಶ್ನೆ. "ಮರದ ಪುಡಿ. ನಾನೇ ಜರಡಿ ಹಿಡೀತೀನಿ. ಮಿಷಿನ್ ಕೆಳಗಿಂದು, ಹಿಟ್ಟಿನ ಹಾಗೆ ಇರುತ್ತೆ. ಇವಳಿಗೆ ಮಾತ್ರ."

ಡಾಕ್ಟರು ಕನ್ನಡಕ ಏರಿಸಿಕೊಂಡು ಅವಳನ್ನೇ ನೋಡಿದರು. "ಎಲ್ಲಕ್ಕಿಂತ ನುಣ್ಣಗಿರೋದನ್ನ ಆರಿಸಿ, ಸೋಸಿ, ಇವಳಿಗೇ ಹಾಕಿದ್ಯಾ?"

"ಹ್ಞೂಂ. ನಿನ್ನೆ ಇನ್ನರ್ಧ ಬಕೆಟ್ ಹಾಕ್ದೆ. ಗಾಳಿ ಬರದ ಹಾಗೆ ಎಲ್ಲಾ ಸಂದೂ ಮುಚ್ಚಿದ್ದೀನಿ."

ಹೇಳುತ್ತಿದ್ದ ಹಾಗೆಯೇ ಅವಳ ದನಿ ಇಳಿಯಿತು. ಪ್ರಶ್ನೆ ಗೊತ್ತಿದ್ದದ್ದೇ, ಉತ್ತರ ಮಾತ್ರ ತಪ್ಪು ಎಂದು ಅವರ ಮುಖದಿಂದ ತಿಳಿಯಿತು.

"ನೋಡಮ್ಮ," ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. "ದಪ್ಪ ಪುಡಿ ಆಗಿದ್ರೆ ಮೂಗಲ್ಲೇ ನಿಲ್ಲುತ್ತೆ, ಸೀನಿದ್ರೆ ಹೊರಗೆ ಬರುತ್ತೆ. ಹಿಟ್ಟಿನಂಥದ್ದು ನೇರವಾಗಿ ಒಳಗೆ ಹೋಗಿ ಕೂರುತ್ತೆ. ರಾತ್ರಿಯೆಲ್ಲ ಇವಳು ಅದರಲ್ಲೇ ಮೂಗಿಟ್ಟು ಮಲಗಿದ್ದಾಳೆ. ಮೇಲಿಂದ ನಾಲ್ಕು ಕೋಳಿಗಳ ಹಿಕ್ಕೆಯ ಘಾಟು, ಅದೂ ಹೊರಗೆ ಹೋಗೋಕೆ ದಾರಿಯಿಲ್ಲ. ಕೆರಳಿದ ಜಾಗದಲ್ಲಿ ಸೋಂಕೂ ಕೂತಿದೆ ಅನ್ಸುತ್ತೆ. ಐದು ದಿನಕ್ಕೆ ಔಷಧಿ ಕೊಡ್ತೀನಿ, ಕುಡಿಯೋ ನೀರಲ್ಲಿ ಹಾಕು. ಬೇರೆ ನೀರು ಕೊಡ್ಬೇಡ. ಮೊಟ್ಟೆಯಾಗ್ಲಿ, ಮಾಂಸವಾಗ್ಲಿ ನಾನು ಹೇಳೋವರೆಗೆ ಯಾರೂ ತಿನ್ನೋ ಹಾಗಿಲ್ಲ."

ಮಾಡಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟರು. ಹೆಡ್‌ಮೇಡಂಗೆ ಗಾಳಿಯಾಡುವ, ಎರಚಲಿಲ್ಲದ ಬೇರೆ ಜಾಗ. ಹಾಸಿಗೆಗೆ ಪುಡಿ ಬೇಡ, ದಪ್ಪ ಚಕ್ಕೆ, ಸುರುಳಿ. ಗೂಡಿನ ಮೇಲ್ಭಾಗದಲ್ಲಿ ಗಾಳಿಗಂಡಿ. ದಿನಾ ಎರಡು ಹೊತ್ತು ಒಂದೊಂದು ನಿಮಿಷ ಉಸಿರು ಎಣಿಸಿ ಬರೆಯುವುದು. ಜುಟ್ಟು ನೀಲಿಗಟ್ಟಿದರೆ ಕೂಡಲೇ ವಾಪಸು ತರುವುದು.

"ಗೂಡು ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಕೋ. ನಿನಗೂ ಒಂದು ಎದೆಗೂಡು ಇದೆ. ಅಂದ ಹಾಗೆ, ಮನೇಲಿ ಯಾರಿಗಾದ್ರೂ ಕೆಮ್ಮು, ದಮ್ಮು ಇದ್ಯಾ?"

"ಇಲ್ಲ," ಎಂದಳು ಪಿಸು. ಅಷ್ಟು ಹೊತ್ತಿನಲ್ಲಿ ಅವಳು ಗಟ್ಟಿಯಾಗಿ ಹೇಳಿದ ಮಾತು ಅದೊಂದೇ.

ಮನೆಯಲ್ಲಿ, ಮಾಂಸ ತಿನ್ನಬಾರದಂತೆ ಎಂಬುದನ್ನು ಕೇಳಿ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟಳು. "ಎಷ್ಟು ದಿನ?"

"ಅವರು ಹೇಳೋವರೆಗೆ."

"ಅಂದ್ರೆ ಭಾನುವಾರ ಇಲ್ಲ?"

ಪಿಸು ತಲೆಯಾಡಿಸಿದಳು.

"ಆ ಡಾಕ್ಟ್ರಮ್ಮ ನಿನ್ನ ಕಡೆಯವರೇ ಬಿಡು. ಕೋಳಿಗೆ ಔಷಧಿ ಕೊಟ್ರೋ, ಜಾಮೀನು ಕೊಟ್ರೋ!" ಎಂದು ಅತ್ತಿಗೆ ಮೂಗು ಮುರಿದಳು. ಆದರೆ ಒಳಗೆ ಹೋದವಳು ಹಳೆಯ ತಟ್ಟೆಯೊಂದನ್ನು ಔಷಧಿ ನೀರಿಗಾಗುತ್ತದೆ ಎಂದು ತಂದಿಟ್ಟುಹೋದಳು. "ಸಾಯೋದಾದ್ರೆ ಭಾನುವಾರದ ಮೇಲೆ ಸಾಯೋಕೆ ಹೇಳು, ನಿಮ್ಮಣ್ಣನೇ ಗುಂಡಿ ತೋಡ್ಲಿ."

ಮೂಗಿಗೆ ಬಟ್ಟೆ ಕಟ್ಟುವ ಮೊದಲು ಪಿಸು ಒಂದು ಕೆಲಸ ಮಾಡಿದಳು. ಗೂಡಿನ ಮುಂದೆ ಮೊಣಕಾಲೂರಿ, ತಲೆ ಒಳಗೆ ತೂರಿಸಿ, ಹೆಡ್‌ಮೇಡಂ ಮೂಗು ಇರುವ ಮಟ್ಟಕ್ಕೆ ತನ್ನ ಮೂಗು ತಂದು ಉಸಿರೆಳೆದಳು. ಘಾಟು ನೆತ್ತಿಗೇರಿತು. ಕಣ್ಣಲ್ಲಿ ನೀರು ಬಂತು. ದಿನಾ ಬಾಗಿಲು ತೆಗೆಯುತ್ತಿದ್ದಳು, ದಿನಾ ಗುಡಿಸುತ್ತಿದ್ದಳು, ಆದರೆ ನಿಂತುಕೊಂಡು. ನಿಂತವರ ಮೂಗಿಗೆ ಇದು ಸಿಗುತ್ತಿರಲಿಲ್ಲ. ಆಮೇಲೆ ಗೋಣಿಚೀಲಗಳನ್ನೆಲ್ಲ ಕಿತ್ತಳು, ಪುಡಿಯನ್ನು ತೇವ ಮಾಡಿ ಬಾಚಿ ತೆಗೆದಳು, ಗೂಡು ತೊಳೆದು ಒಣಗಲು ಬಿಟ್ಟಳು. ಶೆಡ್ಡಿನ ಪಕ್ಕದ ಜಗುಲಿಯಲ್ಲಿ ಡ್ರಾಯರ್ ಪೆಟ್ಟಿಗೆಯನ್ನೇ ಇಟ್ಟು, ಅದರ ಮುಚ್ಚಳ ತೆಗೆದು, ದಪ್ಪ ಸುರುಳಿ ಹಾಸಿ ಹೆಡ್‌ಮೇಡಂಳನ್ನು ಕೂರಿಸಿದಳು. ಮಿಷಿನ್ನು ಓಡುವಾಗ ಪೆಟ್ಟಿಗೆಯನ್ನು ಮನೆಯ ಆ ಬದಿಗೆ ಎತ್ತಿಕೊಂಡು ಹೋಗುವುದು, ನಿಂತ ಮೇಲೆ ಮತ್ತೆ ತರುವುದು.

ಶಾಲೆಯ ಹಳೆಯ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಬುಧವಾರ ಬೆಳಿಗ್ಗೆ ಐವತ್ತು, ಸಂಜೆ ನಲವತ್ತೇಳು ಎಂದು ಬರೆದಳು. ಹೆಡ್‌ಮೇಡಂ ಔಷಧಿಯ ನೀರನ್ನು ಮುಖ ಸಿಂಡರಿಸಿಕೊಂಡು ಕುಡಿಯಿತು. ಗುರುವಾರ ಬೆಳಿಗ್ಗೆ ಮತ್ತೆ ಐವತ್ತೊಂದು. ಪಿಸುವಿಗೆ ಅಂದು ಊಟ ಸೇರಲಿಲ್ಲ. ಗಡಿಯಾರ ಎದುರಿಗಿಟ್ಟುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಸಂಜೆ ನಲವತ್ತೆರಡು ಬಂತು. ತಪ್ಪಿರಬಹುದೆಂದು ಮತ್ತೆ ಎಣಿಸಿದಳು. ನಲವತ್ತೆರಡೇ.

ಶುಕ್ರವಾರ ಮಧ್ಯಾಹ್ನ ಶೆಡ್ಡಿನಲ್ಲಿ ಮಿಷಿನ್ನು ನಿಂತು, ಒಂದು ಕೆಮ್ಮು ಕೇಳಿಸಿತು. ಪಿಸು ಲೋಟದಲ್ಲಿ ನೀರು ಒಯ್ದಳು. ಅಪ್ಪ ಹಲಗೆಯ ರಾಶಿಯ ಮೇಲೆ ಕೂತಿದ್ದರು. ಹುಬ್ಬು, ರೆಪ್ಪೆ, ಮೂಗಿನ ಕೂದಲು, ಎಲ್ಲದರ ಮೇಲೂ ನುಣ್ಣನೆಯ ಪುಡಿ ಕೂತಿತ್ತು. ಲೋಟ ನೋಡಿ, "ನಾನು ಕೇಳ್ಲಿಲ್ವಲ್ಲ" ಎಂದರು.

"ಕೆಮ್ಮಿದ್ಯಲ್ಲಪ್ಪ."

"ಅದು ಸುಮ್ನೆ ಬಂತು."

ತಂದದ್ದು ಯಾಕೆ ವಾಪಸು ಹೋಗಬೇಕೆಂದು ಕುಡಿದು ಲೋಟ ಕೊಟ್ಟರು. ಪಿಸು ಹೊರಗೆ ಬಂದಳು. ನಾಲ್ಕು ಹೆಜ್ಜೆ ನಡೆದಿರಬೇಕು, ಬೆನ್ನ ಹಿಂದೆ ಎರಡು ಕೆಮ್ಮು. ಅಡುಗೆಮನೆಯಿಂದ ಅತ್ತಿಗೆ, "ಕೇಳಿಸ್ತು ಮಾವಾ, ಇಟ್ಟೆ" ಎಂದು ಕೂಗಿದಳು. ಟೀ ಹೋಯಿತು. ಅದನ್ನೂ ಅಪ್ಪ ಕುಡಿದರು. ಖಾಲಿ ಲೋಟ ಹಿಡಿದುಕೊಂಡು ಬಂದ ಅತ್ತಿಗೆ, "ಇವತ್ತಿಗೆ ಏಳು. ಟೀಪುಡಿ ಡಬ್ಬಿ ನನ್ನ ಮುಖ ನೋಡಿ ಅಳ್ತಿದೆ" ಎಂದಳು. ಪಿಸುವಿಗೆ ನಗು ಬರಲಿಲ್ಲ. ಆ ಏಳರಲ್ಲಿ ಎಷ್ಟನ್ನು ಅಪ್ಪ ಕೇಳಿದ್ದರು, ಎಷ್ಟು ಸುಮ್ಮನೆ ಬಂದಿದ್ದವು ಎಂದು ಅವಳಿಗೆ ಗೊತ್ತಾಗಲಿಲ್ಲ.

ಶನಿವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವಳು ಜಗುಲಿಯಲ್ಲಿ ಎಣಿಕೆಗೆ ಕೂತಳು. ಬಾಲದ ಕುಣಿತ ನಿಂತುಹೋಗಿತ್ತು, ಕೊಕ್ಕು ಮುಚ್ಚಿತ್ತು. ಮೂವತ್ತನಾಲ್ಕು. ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬರೆದುಕೊಂಡು, ಸದ್ದು ಉಳಿದಿದೆಯೋ ನೋಡೋಣವೆಂದು ಬೆನ್ನಿಗೆ ಕಿವಿ ಇಟ್ಟು ಕಣ್ಣು ಮುಚ್ಚಿದಳು.

ಕಾಗದ ಮುದುಡುವ ಸದ್ದು ಇರಲಿಲ್ಲ. ಸಿಳ್ಳೆ ಮಾತ್ರ ಇತ್ತು. ತೆಳ್ಳಗೆ, ಬಿಡುವ ಉಸಿರಿನ ತುದಿಗೆ.

ಆದರೆ ಲೆಕ್ಕ ತಾಳೆಯಾಗಲಿಲ್ಲ. ಪುಕ್ಕದ ಕೆಳಗಿನ ಏರಿಳಿತ ಒಂದು ಲಯದಲ್ಲಿತ್ತು, ಸಿಳ್ಳೆ ಇನ್ನೊಂದರಲ್ಲಿ. ಪಿಸು ಕಿವಿ ಮೇಲೆತ್ತಿದಳು. ಸಿಳ್ಳೆ ಇನ್ನೂ ಬರುತ್ತಿತ್ತು. ಹೆಡ್‌ಮೇಡಂಳನ್ನು ಸದ್ದಾಗದಂತೆ ಪೆಟ್ಟಿಗೆಯಲ್ಲಿ ಕೂರಿಸಿ, ಶೆಡ್ಡಿನ ಹಲಗೆ ಗೋಡೆಗೆ ಕಿವಿ ಹಚ್ಚಿದಳು. ಆ ಬದಿಯಲ್ಲಿ ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮಿಷಿನ್ನು ಬಿಡುವು ತೆಗೆದುಕೊಳ್ಳುವ ಹೊತ್ತು ಅದು.

ಗಡಿಯಾರ ಕೈಯಲ್ಲೇ ಇತ್ತು. ಎಣಿಸಿದಳು. ಇಪ್ಪತ್ತೆಂಟು. ಮನುಷ್ಯರಿಗೆ ಎಷ್ಟಿರಬೇಕು ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ತನ್ನದನ್ನೇ ಎಣಿಸಿಕೊಂಡಳು: ಹದಿನಾರು. ಅಡುಗೆಮನೆಗೆ ಹೋಗಿ, ತರಕಾರಿ ಹೆಚ್ಚುತ್ತಿದ್ದ ಅತ್ತಿಗೆಯ ಬೆನ್ನು ನೋಡುತ್ತ ನಿಂತಳು.

"ಏನೇ ಅದು, ನನ್ನ ಬೆನ್ನಲ್ಲಿ ಏನು ಬರೆದಿದೆ?"

ಹದಿನೇಳು. ಮಾತಾಡುತ್ತ ಹೆಚ್ಚುತ್ತಿದ್ದರೂ ಹದಿನೇಳು.

"ಅತ್ತಿಗೆ, ಅಪ್ಪ ಎರಡು ಸಲ ಕೆಮ್ಮಿದ್ರೆ ಅದು ಟೀಗೇ ಅಂತ ಹೇಗೆ ಗೊತ್ತು?"

"ಮತ್ತೆ? ನೀನೇ ತಾನೇ ಹೇಳಿಕೊಟ್ಟಿದ್ದು?"

ಹೌದು, ಅವಳೇ ಹೇಳಿಕೊಟ್ಟಿದ್ದು. ಡಾಕ್ಟರಿಗೆ ಇಲ್ಲ ಎಂದದ್ದೂ ಅವಳೇ. ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಅಪ್ಪನದು ಕೆಮ್ಮಲ್ಲ, ಮಾತು. ಮಾತನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ಪುಸ್ತಕ ತೆಗೆದು ಹೆಡ್‌ಮೇಡಂಳ ಮೂವತ್ತನಾಲ್ಕರ ಕೆಳಗೆ ಇಪ್ಪತ್ತೆಂಟು ಎಂದು ಬರೆದಳು. ಯಾರದು ಎಂದು ಬರೆಯಲಿಲ್ಲ.

ಭಾನುವಾರ ಅಣ್ಣ ಬಂದ. ಹಿತ್ತಲಿನಲ್ಲಿ ಹೆಡ್‌ಮೇಡಂ ಉಳಿದ ನಾಲ್ಕನ್ನು ಸಾಲಾಗಿ ಓಡಿಸುತ್ತಿರುವುದನ್ನು ನೋಡಿ, "ಇದಕ್ಕೆ ಕಾಯಿಲೆನಾ? ನನಗಿಂತ ಗಟ್ಟಿಯಾಗಿದೆಯಲ್ಲೇ" ಎಂದ.

"ಡಾಕ್ಟ್ರು, ಔಷಧಿ, ದಿನಕ್ಕೆರಡು ಸಲ ಲೆಕ್ಕ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡೋರಿರಲಿಲ್ಲ," ಎಂದಳು ಅತ್ತಿಗೆ. "ಮುಂದಿನ ಜನ್ಮ ಅಂತಿದ್ರೆ ನಿಮ್ಮ ತಂಗಿ ಕೈಯಲ್ಲಿ ಕೋಳಿಯಾಗಿ ಹುಟ್ತೀನಿ."

ಅಣ್ಣ ಜೋರಾಗಿ ನಕ್ಕ. ಶೆಡ್ಡಿನಲ್ಲಿ ಮಿಷಿನ್ನು ಓಡುತ್ತಿತ್ತು. ಭಾನುವಾರವಾದರೂ ಅಪ್ಪ ಕೆಲಸಕ್ಕೆ ಕೂತಿದ್ದರು. ಯಾರ ಮಂಚವೂ ಅಲ್ಲ, ಕಿಟಕಿಯೂ ಅಲ್ಲ. ಮಗಳು ಗೋಡೆಗೆ ಸಿಕ್ಕಿಸಿಟ್ಟಿದ್ದ ಡಾಕ್ಟರ ಚೀಟಿಯನ್ನು ಎಂದೋ ಓದಿಕೊಂಡಿದ್ದರು. ಗೂಡಿನ ಮೇಲ್ಭಾಗಕ್ಕೆ ಓರೆಪಟ್ಟಿಗಳ ಗಾಳಿಗಂಡಿ ಮಾಡುತ್ತಿದ್ದರು. ಗಾಳಿ ಹೋಗಬೇಕು, ಎರಚಲು ಬರಬಾರದು, ಹಾಗೆ ಓರೆ ಇಟ್ಟ ಎಂಟು ಪಟ್ಟಿಗಳು. ಒಂದೊಂದನ್ನೂ ಮಿಷಿನ್ನಿಗೆ ಒಡ್ಡಿ, ಬೆರಳಾಡಿಸಿ ನೋಡಿ, ಮತ್ತೆ ಒಡ್ಡುತ್ತಿದ್ದರು. ಸುತ್ತ ಪುಡಿ ಮಂಜಿನ ಹಾಗೆ ಎದ್ದಿತ್ತು. ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ ಅದರ ಒಂದೊಂದು ಕಣವೂ ಕಾಣುತ್ತಿತ್ತು. ಅಪ್ಪನ ಮೂಗು ಸರಿಯಾಗಿ ಅದರ ನಡುವೆ ಇತ್ತು.

ಪಿಸು ಬಾಗಿಲಲ್ಲಿ ನಿಂತಳು. "ಅಪ್ಪಾ" ಎಂದಳು. ಮಿಷಿನ್ನಿನ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಒಳಗೆ ಹೋಗಿ ಗೋಡೆಯ ಸ್ವಿಚ್ಚು ಒತ್ತಿದಳು.

ಮಿಷಿನ್ನು ಗುಂಯ್ಗುಟ್ಟುತ್ತ ನಿಂತಿತು. ಅಪ್ಪ ಕರೆಂಟು ಹೋಯಿತೇನೋ ಎಂದು ಬಲ್ಬಿನ ಕಡೆ ನೋಡಿದರು, ಆಮೇಲೆ ಸ್ವಿಚ್ಚಿನ ಮೇಲಿದ್ದ ಮಗಳ ಕೈ ನೋಡಿದರು. ಆ ಮನೆಯಲ್ಲಿ ಅವರ ಮಿಷಿನ್ನನ್ನು ಇನ್ನೊಬ್ಬರು ನಿಲ್ಲಿಸಿದ್ದು ಅದೇ ಮೊದಲು. ಏನಾಯಿತೆಂದು ಅಣ್ಣ ಬಾಗಿಲಿಗೆ ಬಂದ. ಅವನ ಹಿಂದೆ ಅತ್ತಿಗೆ.

ಅಪ್ಪ ಕೆಮ್ಮಿದರು. ಒಂದು, ಎರಡು. ಅತ್ತಿಗೆ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದಳು. ಮೂರು. ಅಣ್ಣ ಹಲಗೆ ಹಿಡಿಯಲೆಂದು ಅಂಗಿಯ ತೋಳು ಮಡಚಿದ. ನಾಲ್ಕು, ಐದು, ಆರು. ಇಬ್ಬರೂ ನಿಂತಲ್ಲೇ ನಿಂತರು. ಆರಕ್ಕೆ ಆ ಮನೆಯಲ್ಲಿ ಅರ್ಥವಿರಲಿಲ್ಲ.

ಕೆಮ್ಮು ನಿಂತ ಮೇಲೆ ಶೆಡ್ಡಿನಲ್ಲಿ ಸಿಳ್ಳೆ ಒಂದೇ ಉಳಿಯಿತು.

"ಅಪ್ಪಾ," ಎಂದಳು ಪಿಸು. ದನಿ ಹಿತ್ತಲಿನ ಬೇಲಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು. ಅಣ್ಣ ಯಾರು ಮಾತಾಡಿದ್ದು ಎಂಬಂತೆ ತಿರುಗಿ ನೋಡಿದ. "ನಾಳೆ ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬಾ."

ಅಪ್ಪ ಕೈಯಲ್ಲಿದ್ದ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಿತ್ತಲಿನಲ್ಲಿ ಹೆಡ್‌ಮೇಡಂ ನೆಲ ಕೆದಕುತ್ತಿತ್ತು.

ಪಿಸು ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ.

"ಬಾಪ್ಪಾ. ನಾಳೆ ಬೆಳಿಗ್ಗೆ, ನನ್ನ ಜೊತೆ."